ಎರಡು ದೇಶದ ಹುಡುಗ ಒಂದು ಜೆರ್ಸಿ ಆರಿಸಿದರೆ ನಮಗೇಕೆ ಸಿಟ್ಟು?

ಎಡಗಾಲು

ಮೊನ್ನೆ ನಿದ್ದೆ ಬರದೆ ಹಳೇ ಫುಟ್‌ಬಾಲ್ ಮ್ಯಾಚ್ ಒಂದನ್ನು ಮತ್ತೆ ಹಾಕಿಕೊಂಡು ಕೂತೆ. 2024ರ ಸೆಪ್ಟೆಂಬರ್, ಡಬ್ಲಿನ್, ಐರ್ಲೆಂಡ್ ವಿರುದ್ಧ ಇಂಗ್ಲೆಂಡ್. ಇಂಗ್ಲೆಂಡಿನ ಡೆಕ್ಲನ್ ರೈಸ್ ಕಾಲಿಗೆ ಚೆಂಡು ಬಂದಾಗಲೆಲ್ಲ ಜನ ಹೋ ಅಂತ ಅಣಕಿಸುತ್ತಿದ್ದರು. 2018ರಲ್ಲಿ ಐರ್ಲೆಂಡ್ ಜೆರ್ಸಿ ಹಾಕಿ ಮೂರು ಫ್ರೆಂಡ್ಲಿ (ಟೂರ್ನಿಗೆ ಸೇರದ ಮ್ಯಾಚ್) ಆಡಿದ, ಮರುವರ್ಷ ಇಂಗ್ಲೆಂಡ್ ಕಡೆ ಹೋದ ಅನ್ನುವ ಸಿಟ್ಟು. ಹುಟ್ಟಿದ್ದು ಲಂಡನ್‌ನಲ್ಲಿ. ಅಪ್ಪನ ಅಪ್ಪ ಅಮ್ಮ ಐರಿಶ್. ಹನ್ನೊಂದನೇ ನಿಮಿಷಕ್ಕೆ ಗೋಲು ಹೊಡೆದವನೂ ಅವನೇ! ಹೊಡೆದು ಸಂಭ್ರಮಿಸಲಿಲ್ಲ. ಅಜ್ಜ ಅಜ್ಜಿ ಈಗಿಲ್ಲ, ಇಲ್ಲಿ ಕುಣಿದರೆ ಅವರಿಗೆ ಅಗೌರವ ಅಂತ ಆಮೇಲೆ ಹೇಳಿದ. ಇನ್ನೊಂದು ಗೋಲು ಜ್ಯಾಕ್ ಗ್ರೀಲಿಶ್‌ದು. ಅವನೂ ಐರ್ಲೆಂಡಿನ ಅಂಡರ್ 21 ತಂಡದವರೆಗೆ ಆಡಿ ಆಮೇಲೆ ಇಂಗ್ಲೆಂಡ್ ಸೇರಿದವನು. 2-0.

ಇದರಲ್ಲಿ ತಮಾಷೆ ಇರುವುದು ಇಂಗ್ಲೆಂಡ್ ಬೆಂಚಿನಲ್ಲಿ. ಆವತ್ತಿನ ಕೋಚ್ ಲೀ ಕಾರ್ಸ್ಲಿ. ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್, ಐರ್ಲೆಂಡ್‌ಗೆ 40 ಮ್ಯಾಚ್ ಆಡಿದವರು. ಇಂಗ್ಲೆಂಡಿನ ರಾಷ್ಟ್ರಗೀತೆ ಬಂದಾಗ ಅವರು ಹಾಡಲಿಲ್ಲ. ಅದಕ್ಕೆ ಇಂಗ್ಲೆಂಡಿನ ಕೆಲವರಿಗೆ ಸಿಟ್ಟು. ನಾನು ಐರ್ಲೆಂಡ್‌ಗೆ ಆಡುವಾಗಲೂ ಹಾಡುತ್ತಿರಲಿಲ್ಲ, ಆಟದ ಮೇಲೆ ಗಮನ ಇಡುತ್ತಿದ್ದೆ ಅಂದರು ಪಾಪ.

ಅಂದರೆ ಒಂದೇ ಮೈದಾನದಲ್ಲಿ ಒಬ್ಬ ದೇಶ ಬಿಟ್ಟ ಅಂತ ಬೈಸಿಕೊಂಡ, ಇನ್ನೊಬ್ಬರು ಬಾಯಿ ತೆರೆಯಲಿಲ್ಲ ಅಂತ ಬೈಸಿಕೊಂಡರು. ನನಗೆ ಇದು ಅರ್ಥವೇ ಆಗುವುದಿಲ್ಲ. ಎರಡು ದೇಶದ ಬೇರು ಇರುವ ಹುಡುಗ ಒಂದನ್ನು ಆರಿಸಿದರೆ ಅದರಲ್ಲಿ ದ್ರೋಹ ಎಲ್ಲಿಂದ ಬಂತು? ನೀವೆಲ್ಲ ಏನಂತೀರಿ?

ಬೆಂಚಿನ ಕೊನೆ

ಸಿಟ್ಟು ಬರದೆ ಇನ್ನೇನು ಬರಬೇಕು ಗುರು? ಕ್ಲಬ್ ಬದಲಾಯಿಸು, ಯಾರೂ ಕೇಳುವುದಿಲ್ಲ, ಅದು ಹೊಟ್ಟೆಪಾಡು. ದೇಶದ ತಂಡ ಅನ್ನುವುದು ಒಂದೇ ಒಂದು ಉಳಿದಿರೋದು, ದುಡ್ಡು ಕೊಟ್ಟು ಕೊಂಡುಕೊಳ್ಳಲಿಕ್ಕೆ ಆಗದ ತಂಡ. ಅದನ್ನೂ ಟ್ರಾನ್ಸ್‌ಫರ್ ಮಾರ್ಕೆಟ್ ಮಾಡಿದರೆ ವರ್ಲ್ಡ್ ಕಪ್ ಯಾಕೆ ನೋಡಬೇಕು?

ಡಿಯೆಗೊ ಕೋಸ್ಟಾ ನೆನಪಿದೆಯಾ? ಹುಟ್ಟಿ ಬೆಳೆದದ್ದು ಬ್ರೆಜಿಲ್. 2013ರ ಮಾರ್ಚ್‌ನಲ್ಲಿ ಬ್ರೆಜಿಲ್ ಪರ ಇಟಲಿ, ರಷ್ಯಾ ವಿರುದ್ಧ ಎರಡು ಫ್ರೆಂಡ್ಲಿ ಆಡಿದ. ಮುಂದಿನ ವರ್ಷ ನೋಡಿದರೆ ಸ್ಪೇನ್ ಜೆರ್ಸಿ. ಅದೂ ವರ್ಲ್ಡ್ ಕಪ್ ನಡೆದದ್ದು ಬ್ರೆಜಿಲ್‌ನಲ್ಲೇ. ಅಲ್ಲಿನ ಸಾಲ್ವಡಾರ್ ನಗರದಲ್ಲಿ ಅವನು ಚೆಂಡು ಮುಟ್ಟಿದಾಗೆಲ್ಲ ಬ್ರೆಜಿಲ್ ಜನ ಉಗಿದರು. ಸ್ಪೇನ್ ಆ ಮ್ಯಾಚನ್ನು ನೆದರ್‌ಲೆಂಡ್ಸ್‌ಗೆ 5-1ರಲ್ಲಿ ಸೋತಿತು, ಅದು ಬೇರೆ ಮಾತು. ಉಂಡೂ ಹೋದ ಕೊಂಡೂ ಹೋದ ಅಂತಾರಲ್ಲ, ಹಾಗಿತ್ತು. ಅವನಿಗೆ ಸ್ಪೇನ್‌ನಲ್ಲಿ ಅಜ್ಜ ಇರಲಿಲ್ಲ, ಅಜ್ಜಿ ಇರಲಿಲ್ಲ. ಕ್ಲಬ್ ಇತ್ತು, ಅಷ್ಟೇ.

ರೂಲ್‌ಬುಕ್

ಜಗಳ ಜೋರಾಗುವ ಮೊದಲು ನಿಯಮ ಏನು ಹೇಳುತ್ತದೆ ಅಂತ ಒಂದು ಸಲ ಹೇಳಿಬಿಡುತ್ತೇನೆ, ಪ್ರತಿ ಸಲ ಅರ್ಧ ಜಗಳ ಇದು ಗೊತ್ತಿಲ್ಲದೆ ನಡೆಯುತ್ತದೆ.

ಮೊದಲು ಆ ದೇಶದ ಪೌರತ್ವ ಬೇಕು. ಅದು ಹುಟ್ಟಿನಿಂದಲೇ ಬಂದಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ. ಆಮೇಲೆ ಪಡೆದದ್ದಾದರೆ ಬರೀ ಪಾಸ್‌ಪೋರ್ಟ್ ಸಾಲದು. ನೀನು ಅಲ್ಲಿ ಹುಟ್ಟಿರಬೇಕು, ಇಲ್ಲವೇ ಹೆತ್ತ ಅಪ್ಪನೋ ಅಮ್ಮನೋ ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅಜ್ಜನೋ ಅಜ್ಜಿಯೋ. ಇದ್ಯಾವುದೂ ಇಲ್ಲದಿದ್ದರೆ ಅಲ್ಲಿ ವಾಸ ಇದ್ದಿರಬೇಕು. ದೊಡ್ಡವನಾದ ಮೇಲೆ ಹೋದವನಿಗೆ ಐದು ವರ್ಷ, ಹತ್ತು ವರ್ಷ ತುಂಬುವ ಮೊದಲೇ ಹೋದ ಮಗುವಿಗೆ ಮೂರು ವರ್ಷ. ಈ ಐದು ವರ್ಷ ಮೊದಲು ಎರಡೇ ಇತ್ತು, 2008ರಲ್ಲಿ ಏರಿಸಿದರು. ಆ ವಾಸದ ನಿಯಮ ಬಂದದ್ದೇ ಕತಾರ್‌ನಿಂದ. 2004ರಲ್ಲಿ ಅವರು ಬ್ರೆಜಿಲ್‌ನ ಐಲ್ಟನ್, ಡೆಡೆ, ಲಿಯಾಂಡ್ರೊ ಮೂವರನ್ನೂ ದುಡ್ಡು ತೋರಿಸಿ ಕರೆಯಲು ಹೊರಟಾಗ ಫುಟ್‌ಬಾಲಿನ ಜಾಗತಿಕ ಸಂಸ್ಥೆ ಫಿಫಾ ಬಾಗಿಲು ಹಾಕಿತು. ನಿನಗೂ ಆ ದೇಶಕ್ಕೂ ಸ್ಪಷ್ಟವಾದ ಸಂಬಂಧ ಇರಬೇಕು ಅಂದಿತು.

ಇನ್ನು ಬದಲಾಯಿಸುವ ವಿಷಯ. ಫ್ರೆಂಡ್ಲಿ ಎಷ್ಟು ಆಡಿದರೂ ಬೇಡಿ ಬೀಳುವುದಿಲ್ಲ. ಅದಕ್ಕೇ ರೈಸ್, ಕೋಸ್ಟಾ ಇಬ್ಬರೂ ಹೋದರು. ಮೊದಲೆಲ್ಲ ದೇಶದ ಮುಖ್ಯ ತಂಡಕ್ಕೆ ಪಂದ್ಯಾವಳಿಯ ಒಂದು ಮ್ಯಾಚ್ ಆಡಿದರೂ ಮುಗಿಯಿತು, ಜೀವನಪೂರ್ತಿ ಅದೇ ದೇಶ. 2020ರ ಸೆಪ್ಟೆಂಬರ್‌ನಲ್ಲಿ ಅದನ್ನು ಸಡಿಲ ಮಾಡಿದರು. 21 ತುಂಬುವ ಮೊದಲು, ಮೂರಕ್ಕಿಂತ ಜಾಸ್ತಿ ಅಲ್ಲದಷ್ಟು ಮ್ಯಾಚ್ ಆಡಿದ್ದರೆ, ಕೊನೆಯ ಮ್ಯಾಚ್ ಆಗಿ ಮೂರು ವರ್ಷ ಕಳೆದಿದ್ದರೆ, ವರ್ಲ್ಡ್ ಕಪ್ಪೋ ಯೂರೊ ಥರದ ಟೂರ್ನಿಯ ಮುಖ್ಯ ಹಂತವೋ ಆಡಿರದಿದ್ದರೆ ಬದಲಾಯಿಸಬಹುದು. ಅದೂ ಒಂದೇ ಸಲ. ಮೊದಲ ಮ್ಯಾಚ್ ಆಡುವಾಗಲೇ ಎರಡನೇ ದೇಶದ ಪೌರತ್ವವೂ ಇದ್ದಿರಬೇಕು.

ಬೆಂಚಿನ ಕೊನೆಯವರೇ, ಕೋಸ್ಟಾ ವಿಷಯದಲ್ಲಿ ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಅವನೂ ರೈಸೂ ಒಂದೇ ತಕ್ಕಡಿಯಲ್ಲಿ ತೂಗುವ ಕೇಸುಗಳಲ್ಲ.

ಹಳೇ ಗೋಲಿ

ನೀವೆಲ್ಲ ಇದು ಈಗಿನ ಕಾಲದ ರೋಗ ಅಂದುಕೊಂಡಿದ್ದೀರಿ. ಸ್ವಲ್ಪ ಹಿಂದೆ ಹೋಗಿ.

ಲೂಯಿಸ್ ಮಾಂಟಿ 1930ರ ವರ್ಲ್ಡ್ ಕಪ್ ಫೈನಲ್ ಆಡಿದ್ದು ಅರ್ಜೆಂಟೀನಾಕ್ಕೆ, ಸೋತರು. 1934ರ ಫೈನಲ್ ಆಡಿದ್ದು ಇಟಲಿಗೆ, ಗೆದ್ದರು. ಎರಡು ದೇಶಕ್ಕೆ ವರ್ಲ್ಡ್ ಕಪ್ ಫೈನಲ್ ಆಡಿದವನು ಇವತ್ತಿಗೂ ಆತ ಒಬ್ಬನೇ. ಪುಷ್ಕಾಷ್ 1954ರಲ್ಲಿ ಹಂಗೇರಿ, 1962ರಲ್ಲಿ ಸ್ಪೇನ್. ಆಲ್ತಫೀನಿ 1958ರಲ್ಲಿ ಬ್ರೆಜಿಲ್, 1962ರಲ್ಲಿ ಇಟಲಿ. ಡಿ ಸ್ಟೆಫಾನೊ ಅರ್ಜೆಂಟೀನಾಕ್ಕೂ ಆಡಿದರು, ಸ್ಪೇನ್‌ಗೂ ಆಡಿದರು, ನಡುವೆ ಕೊಲಂಬಿಯಾಕ್ಕೂ ಆಡಿದರು, ಅಷ್ಟಾದರೂ ವರ್ಲ್ಡ್ ಕಪ್‌ನಲ್ಲಿ ಒಂದು ಮ್ಯಾಚ್ ಆಡಲಿಲ್ಲ. ಫಿಫಾ ಬಿಗಿ ಮಾಡಿದ್ದು 1960ರ ದಶಕದಲ್ಲಿ. ಹಾಗಾಗಿ "ಮೊದಲೆಲ್ಲ ದೇಶಾಭಿಮಾನ ಇತ್ತು" ಅನ್ನುವ ಮಾತು ನನ್ನ ಹತ್ತಿರ ನಡೆಯುವುದಿಲ್ಲ.

ಆದರೆ ನಾನು ಹೇಳಬೇಕು ಅಂತಿದ್ದದ್ದು ಇದಲ್ಲ, ಅಲ್ಜೀರಿಯಾ. 1958ರ ಏಪ್ರಿಲ್, ಅಲ್ಜೀರಿಯಾ ಇನ್ನೂ ಫ್ರಾನ್ಸ್ ಕೈಯಲ್ಲಿತ್ತು. ವರ್ಲ್ಡ್ ಕಪ್‌ಗೆ ಇನ್ನು ಎರಡು ತಿಂಗಳೂ ಇಲ್ಲ. ರಶೀದ್ ಮೆಖ್ಲೂಫಿ, ಮುಸ್ತಫಾ ಜಿತೂನಿ ಇಬ್ಬರೂ ಫ್ರಾನ್ಸ್ ತಂಡದ ಜೊತೆ ಸ್ವೀಡನ್‌ಗೆ ಹೋಗುವುದು ಹೆಚ್ಚುಕಡಿಮೆ ಖಚಿತ. ಫ್ರಾನ್ಸ್‌ನ ದೊಡ್ಡ ಕ್ಲಬ್‌ಗಳಲ್ಲಿ ಆಡುತ್ತಿದ್ದ ಅಲ್ಜೀರಿಯಾದ ಹುಡುಗರು ಒಂದೇ ವಾರದಲ್ಲಿ ಒಬ್ಬೊಬ್ಬರಾಗಿ ಕಾಣೆಯಾದರು. ಗಡಿ ದಾಟಿ ಟ್ಯೂನಿಸ್ ಸೇರಿಕೊಂಡರು. ಅಲ್ಲಿ ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟದ ತಂಡ ಕಟ್ಟಿದರು. ಮೆಖ್ಲೂಫಿ ಆಗ ಫ್ರಾನ್ಸ್ ಸೈನ್ಯದಲ್ಲಿ ಕಡ್ಡಾಯ ಸೇವೆಯಲ್ಲಿದ್ದವರು, ಅಂದರೆ ಓಡಿಹೋದ ಸೈನಿಕ, ಸಿಕ್ಕಿಬಿದ್ದಿದ್ದರೆ ಗತಿ ಬೇರೆ ಇತ್ತು. ಫಿಫಾ ಆ ತಂಡವನ್ನು ಒಪ್ಪಲಿಲ್ಲ. ಇನ್ನೂ ಇಲ್ಲದ ಒಂದು ದೇಶಕ್ಕೆ ಅವರು 1962ರವರೆಗೆ ಊರೂರು ಸುತ್ತಿ ಆಡಿದರು.

ಸ್ವಾತಂತ್ರ್ಯ ಬಂದ ಮೇಲೆ ಮೆಖ್ಲೂಫಿ ಏನು ಮಾಡಿದರು ಗೊತ್ತಾ? ಬಿಟ್ಟು ಬಂದಿದ್ದ ಫ್ರಾನ್ಸ್‌ನ ಸೇಂಟ್ ಎಟಿಯೆನ್ ಕ್ಲಬ್‌ಗೇ ವಾಪಸ್ ಹೋದರು. 1968ರಲ್ಲಿ ಫ್ರೆಂಚ್ ಕಪ್ ಗೆಲ್ಲಿಸಿಕೊಟ್ಟರು. ಈಗ ಹೇಳಿ, ಈ ಮನುಷ್ಯ ಯಾರಿಗೆ ದ್ರೋಹ ಮಾಡಿದ?

ಮಧ್ಯರಾತ್ರಿ ಮ್ಯಾಚ್

ಹಳೇ ಗೋಲಿ ಸಾರ್ ಬಂದರೆ ಥ್ರೆಡ್ ಕಳೆಗಟ್ಟುತ್ತೆ. ನಾನು ಸುಮ್ನೆ ಓದುತ್ತಿದ್ದೇನೆ, ಮುಂದುವರಿಸಿ.

ಬೆಂಚಿನ ಕೊನೆ

ಸಾರ್, ಮೆಖ್ಲೂಫಿ ನನ್ನ ವಾದವನ್ನೇ ಗಟ್ಟಿ ಮಾಡುತ್ತಾರಲ್ಲ. ಅವರು ವರ್ಲ್ಡ್ ಕಪ್ ಬಿಟ್ಟುಕೊಟ್ಟು ಹೋದರು. ಈಗಿನವರು ವರ್ಲ್ಡ್ ಕಪ್ ಸಿಗಲಿ ಅಂತ ಹೋಗುತ್ತಾರೆ. ಕಳೆದುಕೊಂಡು ಆರಿಸುವುದು ಬೇರೆ, ಗಳಿಸಲಿಕ್ಕೆ ಆರಿಸುವುದು ಬೇರೆ. ಅಲ್ವಾ?

ಆಫ್‌ಸೈಡ್ ಅಕ್ಕ

ನಾನು ಇಲ್ಲಿ ಜಾಸ್ತಿ ಬರೆಯುವವಳಲ್ಲ, ಆದರೆ ಇದು ನಮ್ಮ ಮನೆಯ ವಿಷಯ.

ನಾವು ದೇಶ ಬಿಟ್ಟು ಬಂದು ಹದಿನಾಲ್ಕು ವರ್ಷ. ಮಗಳು ಇಲ್ಲೇ ಹುಟ್ಟಿದ್ದು, ಈಗ ಹದಿಮೂರು. ಫುಟ್‌ಬಾಲ್ ಹುಚ್ಚು. ಕಳೆದ ವರ್ಷ ಜಿಲ್ಲಾ ಮಟ್ಟದ ಒಂದು ಟ್ರಯಲ್‌ಗೆ ಫಾರ್ಮ್ ತುಂಬಬೇಕಿತ್ತು. ಅದರಲ್ಲಿ ರಾಷ್ಟ್ರೀಯತೆ ಅಂತ ಒಂದು ಚೌಕ. ಅವಳೇ ಪೆನ್ನು ಹಿಡಿದು ಈ ದೇಶದ ಹೆಸರು ಬರೆದು, ಓರೆ ಗೀಟು ಹಾಕಿ, ಭಾರತ ಅಂತಲೂ ಬರೆದಳು. ಜಾಗ ಸಾಲದೆ ಕೊನೆಯ ಅಕ್ಷರ ಚೌಕದ ಹೊರಗೆ ಹೋಗಿತ್ತು. ಮೂರು ದಿನಕ್ಕೆ ಫಾರ್ಮ್ ವಾಪಸ್. ಒಂದನ್ನು ಮಾತ್ರ ಬರೆಯಿರಿ ಅಂತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಅವಳ ಹತ್ತಿರ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಇದೆ, ಅದನ್ನೇ ತೋರಿಸುತ್ತೇನೆ ಅಂತ ಹಟ. ಅದು ಪೌರತ್ವ ಅಲ್ಲಮ್ಮ, ವೀಸಾ ಥರ ಅಂತ ನಾನು ತಿಳಿಸಿ ಹೇಳಬೇಕಾಯಿತು. "ಹಾಗಾದರೆ ಅದರ ಮೇಲೆ ಸಿಟಿಜನ್ ಅಂತ ಯಾಕೆ ಬರೆದಿದ್ದಾರೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೆಂಚಿನ ಕೊನೆಯವರು ಕಳೆದುಕೊಳ್ಳುವುದು ಗಳಿಸುವುದು ಅಂತೀರಿ. ಯಾವುದನ್ನು ಆರಿಸಿದರೂ ಇನ್ನೊಂದು ಹೋಯಿತಲ್ಲ ಅನ್ನುವುದೇ ಕಳೆದುಕೊಳ್ಳುವುದು. ತವರು ಬೇಕೋ ಗಂಡನ ಮನೆ ಬೇಕೋ ಅಂತ ಸಭೆಯಲ್ಲಿ ನಿಲ್ಲಿಸಿ ಕೇಳಿದ ಹಾಗೆ.

2016ರ ಯೂರೊದಲ್ಲಿ ಝಾಕಾ ಸಹೋದರರು ಎದುರುಬದುರಾದದ್ದು ನೋಡಿದ್ದೀರಾ? ಗ್ರಾನಿತ್ ಸ್ವಿಟ್ಜರ್‌ಲೆಂಡ್‌ಗೆ, ತೌಲಾಂತ್ ಅಲ್ಬೇನಿಯಾಕ್ಕೆ. ಇಬ್ಬರೂ ಹುಟ್ಟಿದ್ದು ಬಾಸೆಲ್‌ನಲ್ಲೇ, ಒಂದೇ ಅಪ್ಪ ಅಮ್ಮನಿಗೆ. ಅವರ ಅಮ್ಮ ಸ್ಟ್ಯಾಂಡ್‌ನಲ್ಲಿ ಹಾಕಿಕೊಂಡಿದ್ದ ಟೀ ಶರ್ಟ್ ಅರ್ಧ ಸ್ವಿಸ್, ಅರ್ಧ ಅಲ್ಬೇನಿಯಾ. ನನಗೆ ಆ ಮ್ಯಾಚ್‌ನಲ್ಲಿ ನೆನಪಿರುವುದು ಆ ಟೀ ಶರ್ಟ್ ಒಂದೇ. ಸ್ಕೋರು ಕೂಡ ಆಮೇಲೆ ಹುಡುಕಿ ನೋಡಿದೆ, 1-0, ಸ್ವಿಸ್ ಗೆದ್ದರು.

ಎಡಗಾಲು

ಅಕ್ಕ, ಆ ಕೆಂಪು ಸುತ್ತಿನ ವಿಷಯ ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ಅಣ್ಣ ತಮ್ಮ ಅಂದಾಗ ಬೋಟೆಂಗ್‌ಗಳೂ ಇದ್ದಾರೆ. ಇಬ್ಬರೂ ಬರ್ಲಿನ್‌ನಲ್ಲಿ ಹುಟ್ಟಿದವರು, ಅಪ್ಪ ಒಬ್ಬರೇ, ಅಮ್ಮ ಬೇರೆ. ಜೆರೋಮ್ ಜರ್ಮನಿಗೆ, ಕೆವಿನ್ ಪ್ರಿನ್ಸ್ ಘಾನಾಕ್ಕೆ. 2010ರಲ್ಲೂ 2014ರಲ್ಲೂ ವರ್ಲ್ಡ್ ಕಪ್‌ನಲ್ಲಿ ಎದುರುಬದುರಾದರು. ವಿಲಿಯಮ್ಸ್ ಅಣ್ಣ ತಮ್ಮಂದಿರಲ್ಲಿ ನಿಕೊ ಸ್ಪೇನ್‌ಗೆ, ಇನ್ಯಾಕಿ ಘಾನಾಕ್ಕೆ. ಅವರ ಅಪ್ಪ ಅಮ್ಮ ಸಹಾರಾ ಮರುಭೂಮಿಯನ್ನು ಕಾಲ್ನಡಿಗೆಯಲ್ಲಿ ದಾಟಿ ಬಂದವರು. ಒಂದೇ ಅಡುಗೆಮನೆಯಲ್ಲಿ ಉಂಡು ಬೆಳೆದ ಇಬ್ಬರು ಎರಡು ಉತ್ತರ ಕೊಟ್ಟಿದ್ದಾರೆ ಅಂದರೆ ಸರಿಯಾದ ಉತ್ತರ ಅಂತ ಒಂದಿಲ್ಲ ಅಂತಲೇ ಅಲ್ಲವೇ?

ಇನ್ನು ಬ್ರೀಲ್ ಎಂಬೊಲೊ. 2022, ಕತಾರ್, ಸ್ವಿಟ್ಜರ್‌ಲೆಂಡ್ ವಿರುದ್ಧ ಕ್ಯಾಮರೂನ್. ಎಂಬೊಲೊ ಹುಟ್ಟಿದ್ದು ಕ್ಯಾಮರೂನಿನ ಯೌಂಡೆಯಲ್ಲಿ. ಎರಡನೇ ಅರ್ಧ ಶುರುವಾಗಿ ಮೂರು ನಿಮಿಷ, ಶಕೀರಿ ಬಲಗಡೆಯಿಂದ ಪಾಸ್ ಕೊಟ್ಟ, ಇವನು ಗೋಲಿಗೆ ತಳ್ಳಿದ. ತಂಡದವರು ಓಡಿಬಂದು ಅಪ್ಪಿಕೊಳ್ಳುತ್ತಿದ್ದರೆ ಇವನು ಎರಡೂ ಕೈ ಎತ್ತಿ, ತಪ್ಪು ಮಾಡಿದವನ ಹಾಗೆ ನಿಂತುಬಿಟ್ಟ. ಪಾಸ್ ಕೊಟ್ಟ ಶಕೀರಿ ಹುಟ್ಟಿದ್ದು ಕೊಸೊವೊದಲ್ಲಿ. ಸ್ವಿಟ್ಜರ್‌ಲೆಂಡಿನ ಆ ಗೋಲಿನ ಮೊದಲ ಟಚ್ ಕೊಸೊವೊದ್ದು, ಕೊನೆಯ ಟಚ್ ಕ್ಯಾಮರೂನಿನದ್ದು. ಆವತ್ತು ಗೆದ್ದದ್ದು ಸ್ವಿಟ್ಜರ್‌ಲೆಂಡ್ ಅಲ್ಲ ಅಂತ ಯಾರಾದರೂ ಹೇಳಲಿ ನೋಡೋಣ.

ಬೆಂಚಿನ ಕೊನೆ

ಭಾವುಕರಾಗಿ ಎಲ್ಲವನ್ನೂ ಒಪ್ಪಿಕೊಂಡುಬಿಡುತ್ತೀರಿ ನೀವು. ಶಕೀರಿ, ಝಾಕಾ ಇಬ್ಬರೂ 2018ರಲ್ಲಿ ಸೆರ್ಬಿಯಾ ವಿರುದ್ಧ ಗೋಲು ಹೊಡೆದು ಅಲ್ಬೇನಿಯಾದ ಎರಡು ತಲೆಯ ಹದ್ದನ್ನು ಕೈಯಲ್ಲಿ ತೋರಿಸಿದರಲ್ಲ, ಅದು ಏನು? ಆಡುವುದು ಸ್ವಿಸ್ ತಂಡಕ್ಕೆ, ತೋರಿಸುವುದು ಬೇರೆ ಬಾವುಟದ ಹದ್ದು. ತಲಾ ಹತ್ತು ಸಾವಿರ ಸ್ವಿಸ್ ಫ್ರಾಂಕ್ ದಂಡ ಬಿತ್ತು.

ಹಳೇ ಗೋಲಿ

ಝಾಕಾ ಅವರ ಅಪ್ಪ ಕೊಸೊವೊದ ಅಲ್ಬೇನಿಯನ್, ಆಗಿನ ಯುಗೊಸ್ಲಾವಿಯಾದಲ್ಲಿ ಸರ್ಕಾರದ ವಿರುದ್ಧ ಪ್ರತಿಭಟನೆ ಮಾಡಿ ಮೂರು ವರ್ಷಕ್ಕೂ ಮೇಲೆ ಜೈಲಿನಲ್ಲಿದ್ದರು. ಎದುರಾಳಿ ಸೆರ್ಬಿಯಾ, ಕೊಸೊವೊ ಬೇರೆಯಾದದ್ದು ಅದರಿಂದಲೇ. ಮೈದಾನದಲ್ಲಿ ರಾಜಕೀಯ ಬೇಡ ಅನ್ನುವುದು ಸರಿ, ದಂಡವೂ ಸರಿ. ಆದರೆ ಆ ಕೈ ಎಲ್ಲಿಂದ ಬಂತು ಅಂತ ಗೊತ್ತಿಟ್ಟುಕೊಂಡು ಬೈಯಿರಿ.

ಕೊಸೊವೊ ಫಿಫಾ ಸೇರಿದ್ದು 2016ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಆ ಹುಡುಗರಿಗೆ ಆರಿಸಲು ಆ ದೇಶವೇ ಪಟ್ಟಿಯಲ್ಲಿ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೊದಲ ಕ್ವಾಲಿಫೈಯರ್ (ಅರ್ಹತಾ ಪಂದ್ಯ), ಫಿನ್‌ಲೆಂಡ್ ವಿರುದ್ಧ. ಆರು ಜನರ ಅನುಮತಿ ಬಂದದ್ದು ಮ್ಯಾಚ್ ದಿನವೇ, ಶುರುವಾಗಲು ಕೆಲವು ಗಂಟೆ ಇರುವಾಗ. ಅವರಲ್ಲೊಬ್ಬ ವಾಲೊನ್ ಬೆರಿಶಾ, ಅಷ್ಟು ಹೊತ್ತಿಗೆ ನಾರ್ವೆಗೆ 20 ಮ್ಯಾಚ್ ಆಡಿದ್ದವನು. ಪೆನಾಲ್ಟಿ ಸಿಕ್ಕಿತು, ಅವನೇ ಹೊಡೆದ, 1-1. ಫ್ರೆಂಡ್ಲಿ ಬಿಟ್ಟರೆ ಆ ದೇಶದ ಮೊದಲ ಗೋಲು ಅದು.

ಬೆಂಚಿನ ಕೊನೆ

ಸರಿ ಸಾರ್, ಅಲ್ಲಿ ನಾನು ಸುಮ್ಮನಾಗುತ್ತೇನೆ. ಹೊಸ ದೇಶ ಹುಟ್ಟಿದಾಗ ಮಾತು ಬೇರೆ.

ಆದರೆ ಮಲೇಷ್ಯಾ? 2025ರ ಜೂನ್‌ನಲ್ಲಿ ವಿಯೆಟ್ನಾಂ ವಿರುದ್ಧ 4-0 ಗೆದ್ದರು. ಸೆಪ್ಟೆಂಬರ್‌ಗೆ ಫಿಫಾ ಏಳು ಆಟಗಾರರನ್ನು ಹನ್ನೆರಡು ತಿಂಗಳು ಹೊರಗೆ ಹಾಕಿತು, ಫೆಡರೇಷನ್‌ಗೆ ಮೂರೂವರೆ ಲಕ್ಷ ಸ್ವಿಸ್ ಫ್ರಾಂಕ್ ದಂಡ. ಅಜ್ಜ ಅಜ್ಜಿಯರು ಮಲೇಷ್ಯಾದಲ್ಲಿ ಹುಟ್ಟಿದ್ದಾರೆ ಅಂತ ದಾಖಲೆ ತೋರಿಸಿದ್ದರು. ಮೂಲ ದಾಖಲೆ ತೆಗೆಸಿ ನೋಡಿದರೆ ಅಜ್ಜ ಅಜ್ಜಿ ಹುಟ್ಟಿದ್ದು ಅರ್ಜೆಂಟೀನಾ, ಬ್ರೆಜಿಲ್, ಸ್ಪೇನ್, ನೆದರ್‌ಲೆಂಡ್ಸ್! ಅಜ್ಜಿಯನ್ನೇ ಫೋಟೊಕಾಪಿ ಅಂಗಡಿಯಲ್ಲಿ ಹುಟ್ಟಿಸುವ ಮಟ್ಟಕ್ಕೆ ಬಂದಿದ್ದೇವೆ. ಇದಕ್ಕೂ ಬೇರು, ನೆನಪು, ಕಣ್ಣೀರು ಅಂತ ಕಥೆ ಹೇಳುತ್ತೀರಾ?

ಎಡಗಾಲು

ಅದು ಕಳ್ಳತನ. ಅದರ ಬಗ್ಗೆ ನಾನೂ ನೀವೂ ಒಂದೇ ಪಾರ್ಟಿ.

ಆದರೆ ಅಜ್ಜಿ ಅಂದ ಕೂಡಲೇ ನೆನಪಾಗುವುದು ಟೋನಿ ಕ್ಯಾಸ್ಕರಿನೊ. ಇಂಗ್ಲೆಂಡ್‌ನಲ್ಲಿ ಹುಟ್ಟಿ, ಅಮ್ಮನ ಅಪ್ಪ ಐರಿಶ್ ಅನ್ನುವ ಲೆಕ್ಕದಲ್ಲಿ ಐರ್ಲೆಂಡ್‌ಗೆ ಆಡಿದವನು. 88 ಮ್ಯಾಚ್, ಆ ಕಾಲಕ್ಕೆ ಅವರ ದೇಶದ ದಾಖಲೆ. 1996ರಲ್ಲಿ ಒಂದು ದಿನ ಅಮ್ಮ ಹೇಳುತ್ತಾಳೆ, ನಾನು ಆ ಮನೆಗೆ ದತ್ತು ಬಂದವಳು ಕಣೋ ಅಂತ. ಅಂದರೆ ಆ ಐರಿಶ್ ಅಜ್ಜ ರಕ್ತಸಂಬಂಧಿಯೇ ಅಲ್ಲ! ಅಷ್ಟು ಹೊತ್ತಿಗೆ ಎರಡು ವರ್ಲ್ಡ್ ಕಪ್ ಆಡಿ ಮುಗಿದಿತ್ತು. ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು ಆಡುತ್ತಾ ಹೋದ, 2000ದಲ್ಲಿ ಬಾಯಿಬಿಟ್ಟ. ತಾನು ನಕಲಿ ಐರಿಶ್ ಅಂತ ತಾನೇ ಹೇಳಿಕೊಂಡ. ಕೊನೆಗೆ ಫೆಡರೇಷನ್ ಕಾಗದ ಪತ್ರ ಪರಿಶೀಲಿಸಿ, ಕಾನೂನಿನ ಪ್ರಕಾರ ಅವನು ಸರಿಯಾಗಿಯೇ ಆಡಿದ್ದಾನೆ ಅಂದಿತು.

ಇದರಲ್ಲಿ ದೇಶ ಎಲ್ಲಿತ್ತು? ರಕ್ತದಲ್ಲಿ ಇರಲಿಲ್ಲ. ಕಾಗದದಲ್ಲಿ ಇತ್ತು, ಅದು ಅವನಿಗೇ ಗೊತ್ತಿರಲಿಲ್ಲ. 88 ಸಲ ಆ ಜೆರ್ಸಿ ಹಾಕಿದ್ದಂತೂ ನಿಜ.

ರೂಲ್‌ಬುಕ್

ನನಗೆ ಈ ಚರ್ಚೆಯಲ್ಲಿ ಒಂದು ಬೇಸರ ಇದೆ. ಆಟಗಾರನಿಗೆ ನಿಷ್ಠೆ ಬೇಕು ಅಂತ ಎಲ್ಲರೂ ಹೇಳುತ್ತೇವೆ. ಫೆಡರೇಷನ್‌ಗೆ ಆಟಗಾರನ ಮೇಲೆ ನಿಷ್ಠೆ ಇರಬೇಕು ಅಂತ ಯಾರೂ ಕೇಳುವುದಿಲ್ಲ.

ಮುನೀರ್ ಎಲ್ ಹದ್ದಾದಿ. ಸ್ಪೇನ್‌ನಲ್ಲಿ ಹುಟ್ಟಿದ ಮೊರಾಕೊ ಮೂಲದ ಹುಡುಗ. 2014ರ ಸೆಪ್ಟೆಂಬರ್‌ನಲ್ಲಿ 19 ತುಂಬಿ ಒಂದು ವಾರ. ಮ್ಯಾಸಿಡೋನಿಯಾ ವಿರುದ್ಧ ಯೂರೊ ಕ್ವಾಲಿಫೈಯರ್, ಸ್ಪೇನ್ ಆರಾಮಾಗಿ ಗೆಲ್ಲುತ್ತಿತ್ತು. ಎಪ್ಪತ್ತೇಳನೇ ನಿಮಿಷಕ್ಕೆ ಇವನನ್ನು ಇಳಿಸಿದರು. ಹದಿಮೂರು ನಿಮಿಷ ಆಡಿದ. ಆಮೇಲೆ ಸ್ಪೇನ್‌ನ ಮುಖ್ಯ ತಂಡದಲ್ಲಿ ಅವನು ಮತ್ತೆ ಆಡಲೇ ಇಲ್ಲ. ಆದರೆ ಆ ಹದಿಮೂರು ನಿಮಿಷಕ್ಕೆ ಬೇಡಿ ಬಿದ್ದಿತ್ತು. 2018ರ ವರ್ಲ್ಡ್ ಕಪ್‌ಗೆ ಮೊರಾಕೊ ಕರೆಯಿತು, ಇವನೂ ರೆಡಿ. ಲೌಸಾನ್‌ನ ಕ್ರೀಡಾ ನ್ಯಾಯಾಲಯದವರೆಗೆ ಹೋದರು, ಆಗಲಿಲ್ಲ. 2020ರಲ್ಲಿ ನಿಯಮ ಬದಲಾಯಿತಲ್ಲ, ಅದು ಇಂಥವರಿಗೆಂದೇ. ಅದಾದ ಮೇಲೂ ತಕ್ಷಣ ಬಿಡಲಿಲ್ಲ, ಇನ್ನೊಂದು ಸುತ್ತು ಅಲೆದಾಡಿಸಿದರು. ಕೊನೆಗೆ 2021ರಲ್ಲಿ ಮೊರಾಕೊ ಜೆರ್ಸಿ ಹಾಕಿದ.

ಯೋಚಿಸಿ. ಗೆದ್ದ ಮ್ಯಾಚಿನ ಕೊನೆಯಲ್ಲಿ ಹುಡುಗನನ್ನು ಇಳಿಸಿ ಮುದ್ರೆ ಒತ್ತುವುದು, ಆಮೇಲೆ ಮರೆತುಬಿಡುವುದು. ಎಷ್ಟೋ ತಂಡಗಳು ಬೇಕಂತಲೇ ಇದನ್ನು ಮಾಡುತ್ತವೆ ಅಂತ ನನ್ನ ಅನುಮಾನ. ಪಕ್ಕದ ಮನೆಯವರಿಗೆ ಸಿಗಬಾರದು ಅಂತ ಕುರ್ಚಿಗೆ ಕರವಸ್ತ್ರ ಹಾಕಿ ಹೋದ ಹಾಗೆ. ಇವರು ಹುಡುಗನಿಗೆ ನಿಷ್ಠೆಯ ಪಾಠ ಹೇಳಬಾರದು.

ಎಡಗಾಲು

ಇದನ್ನೇ ನಾನು ಮೊದಲ ಪೋಸ್ಟ್‌ನಲ್ಲಿ ಹೇಳಲು ಒದ್ದಾಡುತ್ತಿದ್ದೆ, ಕರವಸ್ತ್ರ ಸಿಕ್ಕಿರಲಿಲ್ಲ!

ಅಭಿಮಾನಿಗಳ ಕಡೆಯಿಂದ ನೋಡಿದರೂ ಅಷ್ಟೇ. ನಾವು ಸಿಟ್ಟಾಗುವುದು ಹೋದ ಅಂತಲ್ಲ, ಚೆನ್ನಾಗಿ ಆಡುವವನು ಹೋದ ಅಂತ. ಬೆಂಚಿನಲ್ಲೇ ಕೊಳೆತು ಬೇರೆ ದೇಶಕ್ಕೆ ಹೋದವರ ಹೆಸರು ಯಾರಿಗಾದರೂ ನೆನಪಿದೆಯಾ? ಉಳಿದವನಿಗೂ ಸುಖ ಇಲ್ಲ. ಮೆಸುಟ್ ಒಜಿಲ್ ಉಳಿದವನು. ಗೆಲ್ಸೆನ್‌ಕಿರ್ಷೆನ್‌ನಲ್ಲಿ ಹುಟ್ಟಿ, ಟರ್ಕಿ ಬಿಟ್ಟು ಜರ್ಮನಿ ಆರಿಸಿದ. 2010ರಲ್ಲಿ ಬರ್ಲಿನ್‌ನಲ್ಲೇ ಟರ್ಕಿ ವಿರುದ್ಧ ಆಡುವಾಗ ಟರ್ಕಿ ಅಭಿಮಾನಿಗಳು ಇಡೀ ಮ್ಯಾಚ್ ಶಿಳ್ಳೆ ಹಾಕಿ ಅಣಕಿಸಿದರು. ಗೋಲು ಹೊಡೆದು ತಲೆ ತಗ್ಗಿಸಿದ. 2014ರಲ್ಲಿ ಜರ್ಮನಿಗೆ ವರ್ಲ್ಡ್ ಕಪ್ ತಂದ ತಂಡದಲ್ಲಿದ್ದ. 2018ರಲ್ಲಿ ಟರ್ಕಿ ಅಧ್ಯಕ್ಷ ಎರ್ಡೊಆನ್ ಜೊತೆ ಫೋಟೊ, ಮೊದಲ ಸುತ್ತಿನಲ್ಲೇ ಸೋಲು, ಬೈಗುಳ. ಗೆದ್ದಾಗ ನಾನು ಜರ್ಮನ್, ಸೋತಾಗ ವಲಸಿಗ ಅಂತ ಬರೆದು ಹೊರಟ. ಆ ಫೋಟೊ ತೆಗೆಸಿಕೊಂಡದ್ದು ನನಗೂ ಹಿಡಿಸಲಿಲ್ಲ. ಆದರೆ ಅದೇ ವರ್ಷ ಲುಕಾಕು ಕೂಡ ಹೆಚ್ಚುಕಡಿಮೆ ಇದನ್ನೇ ಬರೆದ. ಚೆನ್ನಾಗಿ ಆಡಿದರೆ ಬೆಲ್ಜಿಯಂನ ಸ್ಟ್ರೈಕರ್, ಇಲ್ಲದಿದ್ದರೆ ಕಾಂಗೊ ಮೂಲದ ಬೆಲ್ಜಿಯಂ ಸ್ಟ್ರೈಕರ್.

ಒಂದೇ ದೇಶ ಇರುವ ಆಟಗಾರ ಪೆನಾಲ್ಟಿ ತಪ್ಪಿಸಿದರೆ ಕಾಲು ಸರಿ ಇಲ್ಲ ಅಂತೀವಿ. ಎರಡು ದೇಶ ಇರುವವನು ತಪ್ಪಿಸಿದರೆ ಮನಸ್ಸು ಸರಿ ಇಲ್ಲ ಅಂತೀವಿ.

ಮಧ್ಯರಾತ್ರಿ ಮ್ಯಾಚ್

ತುಂಬಾ ಗಂಭೀರ ಆಯ್ತು. ರೊಬರ್ಟೊ ಲೋಪೆಸ್ ಕಥೆ ಹೇಳಲಾ? ಪಿಕೊ ಅಂತ ಕರೆಯುತ್ತಾರೆ. ಡಬ್ಲಿನ್‌ನಲ್ಲಿ ಹುಟ್ಟಿದ ಡಿಫೆಂಡರ್, ಅಲ್ಲಿನ ಶ್ಯಾಮ್‌ರಾಕ್ ರೋವರ್ಸ್ ಕ್ಲಬ್‌ಗೆ ಆಡುತ್ತಾನೆ. ಅಪ್ಪ ಕೇಪ್ ವರ್ಡೆಯವರು. ಒಂದು ದಿನ ಲಿಂಕ್ಡ್‌ಇನ್‌ನಲ್ಲಿ ಪೋರ್ಚುಗೀಸ್ ಭಾಷೆಯ ಮೆಸೇಜ್ ಬಂತು. ಯಾವುದೋ ಸ್ಪ್ಯಾಮ್ ಅಂತ ಬಿಟ್ಟುಬಿಟ್ಟ. ತಿಂಗಳುಗಟ್ಟಲೆ ಆದ ಮೇಲೆ ಅದೇ ಮನುಷ್ಯನಿಂದ ಇಂಗ್ಲಿಷ್‌ನಲ್ಲಿ ಇನ್ನೊಂದು, ನಾನು ಬರೆದದ್ದರ ಬಗ್ಗೆ ಯೋಚಿಸಿದೆಯಾ ಅಂತ. ಆಗ ಹಳೇ ಮೆಸೇಜನ್ನು ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ ನೋಡುತ್ತಾನೆ, ಕೇಪ್ ವರ್ಡೆ ರಾಷ್ಟ್ರೀಯ ತಂಡದ ಕೋಚ್, ನಮಗೆ ಆಡುತ್ತೀಯಾ ಅಂತ ಕೇಳಿದ್ದಾರೆ! 2019ರಲ್ಲಿ ಮೊದಲ ಮ್ಯಾಚ್ ಆಡಿದ. 2025ರ ಅಕ್ಟೋಬರ್‌ನಲ್ಲಿ ಆ ಪುಟ್ಟ ದೇಶ ಮೊದಲ ಸಲ ವರ್ಲ್ಡ್ ಕಪ್‌ಗೆ ಅರ್ಹತೆ ಪಡೆಯಿತು.

ಮುಂದಿನ ತಿಂಗಳೇ ಕುರಸಾವೊ ಕೂಡ ಪಡೆಯಿತು. ಜನಸಂಖ್ಯೆ ಎರಡು ಲಕ್ಷವೂ ಇಲ್ಲ, ತಂಡದ ಹೆಚ್ಚುಕಡಿಮೆ ಎಲ್ಲರೂ ಹುಟ್ಟಿದ್ದು ನೆದರ್‌ಲೆಂಡ್ಸ್‌ನಲ್ಲಿ. ಬೆಂಚಿನ ಕೊನೆಯವರೇ, ಇದೂ ನಕಲಿನಾ?

ನನ್ನ ಲಿಂಕ್ಡ್‌ಇನ್‌ಗೆ ಮಾತ್ರ ಇನ್ಶೂರೆನ್ಸ್‌ನವರು ಬಿಟ್ಟು ಯಾರೂ ಬರಲ್ಲ.

ಬೆಂಚಿನ ಕೊನೆ

ಕುರಸಾವೊ ನಕಲಿ ಅಂತ ಹೇಳಲ್ಲ. ಆದರೆ ಆ ದ್ವೀಪದಲ್ಲೇ ಹುಟ್ಟಿ, ಅಲ್ಲಿನ ಲೀಗ್‌ನಲ್ಲೇ ಆಡುತ್ತಾ ಇರುವ ಒಬ್ಬ ಹುಡುಗ ಇರುತ್ತಾನಲ್ಲ, ಅವನ ಜಾಗ ಹೋಯಿತು. ಅವನ ಹೆಸರು ನಮಗ್ಯಾರಿಗೂ ಗೊತ್ತಿಲ್ಲ, ಅದಕ್ಕೇ ಅವನ ಪರ ಯಾರೂ ಬರೆಯುವುದಿಲ್ಲ. ಮೊರಾಕೊ 2022ರಲ್ಲಿ ಸೆಮಿಫೈನಲ್‌ಗೆ ಹೋದಾಗ ನಾನೂ ಕುಣಿದಿದ್ದೇನೆ, ಸುಳ್ಳು ಯಾಕೆ ಹೇಳಲಿ. 26 ಜನರಲ್ಲಿ 14 ಜನ ಹೊರದೇಶದಲ್ಲಿ ಹುಟ್ಟಿದವರು. ಹಕೀಮಿ ಮ್ಯಾಡ್ರಿಡ್, ಜಿಯೆಶ್ ನೆದರ್‌ಲೆಂಡ್ಸ್, ಗೋಲಿ ಬೂನೂ ಕೆನಡಾ. ಸ್ಪೇನ್ ವಿರುದ್ಧ ಕೊನೆಯ ಪೆನಾಲ್ಟಿ ಹೊಡೆದದ್ದೇ ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ಹಕೀಮಿ. ಕುಣಿಯುವಾಗ ಇದೆಲ್ಲ ನೆನಪಿಗೆ ಬರಲಿಲ್ಲ, ನಿಜ. ಆದರೂ ಆ ಹೆಸರಿಲ್ಲದ ಹುಡುಗನ ಪ್ರಶ್ನೆ ಹಾಗೇ ಇದೆ.

ಹಳೇ ಗೋಲಿ

ಇಡೀ ಥ್ರೆಡ್‌ನಲ್ಲಿ ಬೆಂಚಿನ ಕೊನೆಯವರು ಹೇಳಿದ ಒಳ್ಳೆಯ ಮಾತು ಇದು. ಉತ್ತರ ನನ್ನ ಹತ್ತಿರವೂ ಇಲ್ಲ.

ರೂಲ್‌ಬುಕ್

ಭಾರತದ ವಿಷಯ ಅಕ್ಕ ಎತ್ತಿದ್ದರಿಂದ ಒಂದು ಮಾತು. ನಮ್ಮಲ್ಲಿ ಎರಡು ಪೌರತ್ವ ಇಲ್ಲ. ಒಸಿಐ ಇದ್ದರೆ ಸಾಲದು, ಭಾರತದ ಪಾಸ್‌ಪೋರ್ಟ್ ಇದ್ದವರೇ ಆಡಬೇಕು ಅಂತ 2008ರಿಂದ ಸರ್ಕಾರದ ನೀತಿ. ಅಂದರೆ ಇಲ್ಲಿ ಆರಿಸುವುದು ಜೆರ್ಸಿ ಅಲ್ಲ, ಬದುಕು. ಅರಾಟಾ ಇಜುಮಿ ಜಪಾನ್ ಪೌರತ್ವ ಬಿಟ್ಟುಕೊಟ್ಟು 2013ರಲ್ಲಿ ಭಾರತಕ್ಕೆ ಆಡಿದರು. ಅಪ್ಪ ಭಾರತೀಯ, ಅಮ್ಮ ಜಪಾನಿ. 2025ರಲ್ಲಿ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾ ಪೌರತ್ವ ಬಿಟ್ಟರು. ಪರ್ತ್‌ನಲ್ಲಿ ಹುಟ್ಟಿ, ಆಸ್ಟ್ರೇಲಿಯಾಕ್ಕೆ ಒಂದು ಫ್ರೆಂಡ್ಲಿಯನ್ನೂ ಆಡಿದ್ದವರು. ಬೆಂಚಿನ ಕೊನೆಯವರು ಕಳೆದುಕೊಂಡು ಆರಿಸುವುದು ಬೇರೆ ಅಂದಿದ್ದರಲ್ಲ, ಇವರು ಹಾಗೆ ಆರಿಸಿದವರು.

ನಾದಿಯಾ ನದೀಮ್ ಅವರನ್ನೂ ಸೇರಿಸಿ. ಅಫ್ಘಾನಿಸ್ತಾನದ ಹೆರಾತ್‌ನಲ್ಲಿ ಹುಟ್ಟಿ, ತಾಲಿಬಾನ್ ಅಪ್ಪನನ್ನು ಕೊಂದ ಮೇಲೆ ಅಮ್ಮ ಮತ್ತು ಅಕ್ಕತಂಗಿಯರ ಜೊತೆ ತಪ್ಪಿಸಿಕೊಂಡು ಡೆನ್ಮಾರ್ಕ್ ಸೇರಿದವರು. ಹದಿನೆಂಟಕ್ಕೆ ಡೆನ್ಮಾರ್ಕ್ ಪೌರತ್ವ ಸಿಕ್ಕಿತು. ಆಗಿನ ನಿಯಮ ಹದಿನೆಂಟಾದ ಮೇಲೆ ಇನ್ನೂ ಐದು ವರ್ಷ ಕಾಯಿರಿ ಅಂದಿತು. ಡೆನ್ಮಾರ್ಕ್ ಫೆಡರೇಷನ್ ಬೆನ್ನುಹತ್ತಿ ವಿನಾಯಿತಿ ತಂದುಕೊಟ್ಟಿತು, 2009ರಲ್ಲಿ ಆಡಿದರು. ನಾನು ಮೇಲೆ ಫೆಡರೇಷನ್‌ಗಳನ್ನು ಬೈದೆನಲ್ಲ, ಇಂಥವೂ ಇವೆ.

ಎಡಗಾಲು

ಅಕ್ಕ, ಒಂದು ಕೇಳುವುದು ಮರೆತೆ. ಕೊನೆಗೆ ಆ ಚೌಕದಲ್ಲಿ ಏನು ಬರೆದಳು?

ಆಫ್‌ಸೈಡ್ ಅಕ್ಕ

ಪಾಸ್‌ಪೋರ್ಟ್‌ನಲ್ಲಿ ಏನಿದೆಯೋ ಅದನ್ನೇ. ಬೇರೆ ದಾರಿ ಇರಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದಳು, ಮೂರನೇ ದಿನ ಹೊಸ ಬೂಟು ಬಂತು, ಮರೆತಳು.

ಟ್ರಯಲ್‌ನಲ್ಲಿ ಸೆಲೆಕ್ಟ್ ಆಗಲಿಲ್ಲ ಬಿಡಿ. ಎಡಗಾಲು ಒಂದೇ ಆಡುತ್ತೆ, ಬಲಗಾಲು ಸುಮ್ಮನೆ ನಿಂತುಕೊಳ್ಳಲಿಕ್ಕೆ ಇಟ್ಟುಕೊಂಡಿದ್ದಾಳೆ ಅಂದರಂತೆ ಕೋಚ್. ಈಗ ದಿನಾ ಸಂಜೆ ಗೋಡೆಗೆ ಬಲಗಾಲಲ್ಲಿ ಹೊಡೆಯುತ್ತಾಳೆ. ಪಕ್ಕದವರು ಒಂದು ಸಲ ಬಂದು ಹೇಳಿಹೋಗಿದ್ದಾರೆ.

ಎಡಗಾಲು

ಹಾಗಾದರೆ ಅವಳು ನಮ್ಮ ದೇಶದವಳೇ. ಫಾರ್ಮ್ ಬೇಡ ಅಂತ ಹೇಳಿ.